ಹೊಳೆ ದಾಟಿ ಬಂದ ಆಟಗಳು

(ಸಿಂಗಟಾಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಉಪನ್ಯಾಸಕ್ಕೆ ಕರೆದವರು ಫೋನಿನಲ್ಲಿ ವಿಷಯ ಯಾವುದೆಂದು ಕೇಳಿದರು. "ಚೌಕಾಬಾರ, ಹುಲಿ-ಕುರಿ ಮತ್ತು ಯುದ್ಧದ ಆಟಗಳು" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಹಂಗಾರ ಜಾನಪದ ಅಂತ ಹಾಕೂಣೇನ್ರಿ ಮೇಡಂ?" ಎಂದು ಕೇಳಿದರು. ಕರಪತ್ರದಲ್ಲಿ ಹಾಗೇ ಅಚ್ಚಾಗಿದೆ. ಮೊನ್ನೆ ರಾತ್ರಿ ಮೊಮ್ಮಗನ ಎದುರು ಸೋತ ಆಟವನ್ನು ಜಾನಪದ ಅನ್ನಲು ನನಗೆ ಮನಸ್ಸು ಬರಲಿಲ್ಲ. ಆದರೂ ಇರಲಿ, ಕರಪತ್ರದ ಖರ್ಚು ದತ್ತಿಯ ಬಡ್ಡಿಯಲ್ಲೇ ಆಗಿದೆ.

ನಾನು ಈ ಊರ ಕಡೆಯವಳಲ್ಲ. ಹೊಳೆಯ ಆ ದಂಡೆ, ಹೂವಿನಹಡಗಲಿ ತಾಲೂಕಿನವಳು. ಮದುವೆಯಾಗಿ ಮುಂಡರಗಿ ಸೀಮೆಗೆ ಬಂದೆ, ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದೆ. ನನ್ನ ಅಜ್ಜಿಯ ಕಾಲಕ್ಕೆ ಹೊಳೆಯ ಆ ಕಡೆ ಮದ್ರಾಸಿನ ಸರಕಾರ, ಈ ಕಡೆ ಮುಂಬಯಿಯ ಸರಕಾರ, ನೀರು ಹರಿದ ಹಾಗೇ ಕೆಳಗೆ ಕೊಪ್ಪಳಕ್ಕೆ ಹೋದರೆ ನಿಜಾಮನ ರಾಜ್ಯ. 1953ರ ತನಕ ನಾವು ಬಳ್ಳಾರಿ ಜಿಲ್ಲೆಯವರು ಮದ್ರಾಸಿಗೇ ಸೇರಿದ್ದೆವು. ಮೂರು ಸರಕಾರದ ಮೂರು ಕಾನೂನು ಇದ್ದರೂ ಹೆಣ್ಣು ಕೊಡುವುದು ತರುವುದು ಮಾತ್ರ ಹರಿಗೋಲಿನಲ್ಲಿ ನಡೆದೇ ಇತ್ತು. ಸೊಸೆಯಾಗಿ ಬಂದವಳ ಜೊತೆ ಆಕೆಯ ತವರಿನ ಹಾಡು ಬರುತ್ತಿತ್ತು, ಕೈಯಡುಗೆ ಬರುತ್ತಿತ್ತು, ಇಷ್ಟು ಎಲ್ಲರೂ ಬರೆದಿದ್ದಾರೆ. ಆಕೆಯ ತವರಿನ ಆಟದ ಕಾನೂನೂ ಬರುತ್ತಿತ್ತೆಂದು ಬರೆದವರನ್ನು ನಾನು ಕಂಡಿಲ್ಲ.

ಮದುವೆಯಾದ ಮೊದಲ ವರ್ಷದ ಶಿವರಾತ್ರಿ. ಜಾಗರಣೆಗೆ ಪಡಸಾಲೆಯಲ್ಲಿ ಇದ್ದಲಿಯಿಂದ ಐದೈದು ಇಪ್ಪತ್ತೈದು ಮನೆ ಗೀಚಿ, ನಾಲ್ಕು ಬದಿಯ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಅಡ್ಡಗೆರೆ ಹಾಕಿ, ಅತ್ತಿ ನನ್ನನ್ನು ಚೌಕಾಬಾರಕ್ಕೆ ಕೂಡಿಸಿಕೊಂಡರು. ಅವರ ಕಾಯಿ ಹಸಿರು ಬಳೆಚೂರು, ನನ್ನವು ಜೋಳದ ದಂಟಿನ ತುಂಡು. ನನಗೆ ಸಾಲಾಗಿ ಮೂರು ಬಾರಾ ಬಿತ್ತು. ಇಪ್ಪತ್ತನಾಲ್ಕು ಎಣಿಸಲು ಕಾಯಿಗೆ ಕೈ ಹಾಕಿದೆ. ಅತ್ತಿ ನನ್ನ ಮಣಿಕಟ್ಟು ಹಿಡಿದು, "ಮೂರ ಸಲ ಬಿದ್ರ ಸುಟ್ಟಂಗ. ಗರ ಕೆಟ್ಟಿತು, ಕವಡಿ ಇತ್ತ ಕೊಡು" ಅಂದರು. ನಮ್ಮಲ್ಲಿ ಮೂರಲ್ಲ ಆರು ಸಲ ಬಿದ್ದರೂ ಎಣಿಸುತ್ತಾರೆ ಅಂದೆ. "ನಿಮ್ಮ ಹಡಗಲಿ ಕಾನೂನು ಹೊಳಿ ಆಚೀಕ ಬಿಟ್ಟು ಬಾ ನಮ್ಮವ್ವ" ಅಂದರು. ನಾನು ಕವಡೆ ಕೊಟ್ಟೆ, ಆದರೆ ಬೆಳಗಿನ ತನಕ ಮುಖ ಗಂಟು ಹಾಕಿಕೊಂಡೇ ಇದ್ದೆ.

ಮುಂದಿನ ವರ್ಷ ಓಣಿಯ ಹೆಂಗಸರ ಜೊತೆ ಆಡುವಾಗ ಅತ್ತಿಗೇ ಮೂರು ಬಾರಾ ಬಿತ್ತು. ಯಾರೋ ಸುಟ್ಟಿತು ಅಂದರು. ಅತ್ತಿ ಎಣಿಸುತ್ತಾ ಹೋದರು. "ಹಿಂಗೂ ಆಡತಾರ. ಹೊಳಿ ಆಚೀಕ" ಅಂದರು, ನನ್ನ ಮುಖ ನೋಡದೆ.

ಈ ಆಟ ಬಲ್ಲವರಿಗೆ ಬಾರಾ ಎಂದರೆ ಏನೆಂದು ಹೇಳಬೇಕಿಲ್ಲ, ಹಿಂದೆ ಗೋಡೆಗೆ ಆತು ನಿಂತಿರುವ ಹುಡುಗರಿಗಾಗಿ ಹೇಳುತ್ತೇನೆ. ನಾಲ್ಕು ಕವಡೆ. ಒಂದು ಅಂಗಾತ ಬಿದ್ದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರಾ. ಮರಾಠಿಯಲ್ಲಿ ಬಾರಾ ಎಂದರೆ ಹನ್ನೆರಡು, ನಮ್ಮ ಆಟದಲ್ಲಿ ಮಾತ್ರ ಎಂಟು. ಗಣಿತದ ಮೇಷ್ಟ್ರುಗಳಿಗೆ ಇದು ಮೊದಲಿಂದ ಕಿರಿಕಿರಿ. ಚೌಕ, ಬಾರಾ ಬಿದ್ದವರಿಗೆ ಇನ್ನೊಂದು ಗರ, ಅಂದರೆ ಇನ್ನೊಂದು ಎಸೆತ. ನಾಲ್ಕು ಕವಡೆ ಬೀಳುವ ಬಗೆ ಒಟ್ಟು ಹದಿನಾರು. ಅದರಲ್ಲಿ ಎರಡು ಬೀಳುವ ಬಗೆ ಆರು, ಬಾರಾ ಬೀಳುವುದು ಒಂದೇ ಒಂದು ಬಗೆ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠವನ್ನು ನಾನು ಪ್ರತಿ ವರ್ಷ ಹುಣಸೆಬೀಜದಿಂದಲೇ ಶುರು ಮಾಡುತ್ತಿದ್ದೆ. ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮೈ ಬಿಳಿ ಮಾಡಿಕೊಂಡು ಬರಲು ಹೇಳುತ್ತಿದ್ದೆ. ಮಕ್ಕಳು ನೂರು ಸಲ ಎಸೆದು ಬರೆದುಕೊಂಡಾಗ ಹದಿನಾರರ ಲೆಕ್ಕಕ್ಕೆ ಸರಿ ಬರುತ್ತಿರಲಿಲ್ಲ. ಯಾಕೆಂದರೆ ಒಬ್ಬೊಬ್ಬರು ತಿಕ್ಕಿದ ರೀತಿ ಒಂದೊಂದು, ಕವಡೆಯ ಹೊಟ್ಟೆಯೂ ಬೆನ್ನೂ ಒಂದೇ ತೂಕವಲ್ಲ. ಪುಸ್ತಕದ ನಾಣ್ಯಕ್ಕಿಂತ ಈ ತಪ್ಪು ಲೆಕ್ಕವೇ ಅವರಿಗೆ ಹೆಚ್ಚು ಕಲಿಸುತ್ತಿತ್ತು.

ಇನ್ನು ನಮ್ಮ ಭಾಷೆಯನ್ನು ನೋಡಿ. ಮಣೆಯ ಮೇಲೆ ಹೊರಟಾಗ ಅದು ಕಾಯಿ. ಇನ್ನೊಬ್ಬರದನ್ನು ಹೊಡೆದ ಮೇಲೆಯೇ ಒಳಸುತ್ತಿಗೆ ಪ್ರವೇಶ. ಸುತ್ತು ಮುಗಿಸಿ ನಡುಮನೆ ಮುಟ್ಟಿದರೆ ಹಣ್ಣು. ಕಾಯಿ ಹಣ್ಣಾಯಿತು ಅನ್ನುತ್ತೇವೆ. ಇದೇ ಪಗಡೆಯ ವಂಶದ ಆಟ ಇಂಗ್ಲೆಂಡಿಗೆ ಹೋಗಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲೂಡೊ ಎಂಬ ಹೆಸರಲ್ಲಿ ಪೇಟೆಂಟು ಪಡೆದು, ರಟ್ಟಿನ ಡಬ್ಬಿಯಲ್ಲಿ ನಮ್ಮ ಅಂಗಡಿಗೇ ಮರಳಿ ಬಂತು. ಅಲ್ಲಿ ಕಾಯಿ ಮನೆ ಸೇರುತ್ತದೆಯೇ ಹೊರತು ಹಣ್ಣಾಗುವುದಿಲ್ಲ.

ಪಗಡೆ ಅಂದಕೂಡಲೆ ಹಿರಿಯರಿಗೆ ಜೂಜು ನೆನಪಾಗುತ್ತದೆ. ನೆನಪಾಗಲೇಬೇಕು, ಕನ್ನಡದ ಅತ್ಯಂತ ದೊಡ್ಡ ಪಗಡೆಯಾಟ ನಡೆದದ್ದು ನಮ್ಮ ಗದುಗಿನ ವೀರನಾರಾಯಣ ಗುಡಿಯಲ್ಲಿ. ಕುಮಾರವ್ಯಾಸ ಸಭಾಪರ್ವದ ಆ ಜೂಜನ್ನು ಹೇಳಿದ ಮೇಲೆ ದಾಳ ಹಿಡಿದವನನ್ನು ನಂಬುವುದು ಕಷ್ಟವೇ. ಆದರೆ ನನಗೆ ಶಕುನಿಯ ಮೇಲೆ ಇರುವ ದೂರು ಬೇರೆ. ಅವನು ಆಟ ಬಲ್ಲವನು, ಆದರೆ ಯಾರಿಗೂ ಹೇಳಿಕೊಡದವನು. ಆಟದ ಮೇಲೆ ನಿಜವಾದ ಪ್ರೀತಿ ಇರುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರು ಎದುರಾಳಿಗೆ, "ಆ ಕಾಯಿ ನಡೆಸಬ್ಯಾಡ, ನಾ ಹೊಡೀತೀನಿ" ಎಂದು ಹೇಳಿ ತಾವೇ ಸೋಲುತ್ತಾರೆ. ಎದುರಿಗೆ ಚೆನ್ನಾಗಿ ಆಡುವವರು ಇಲ್ಲದಿದ್ದರೆ ತಮಗೂ ಆಟವಿಲ್ಲವೆಂದು ಅವರಿಗೆ ಗೊತ್ತು.

ಅರಮನೆಯ ಆಟಗಳ ಬಗ್ಗೆ ಎರಡು ಮಾತು. ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸ ಬರೆದಾಗ ಚದುರಂಗ, ಪಗಡೆ, ಕವಡೆಯಾಟಗಳಿಗೂ ಜಾಗ ಕೊಟ್ಟ. ಏಳುನೂರು ವರ್ಷದ ಮೇಲೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳನ್ನು ತುಂಬಿಸಿದರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೂ ಆಟದ ಚಿತ್ರ ಬರೆಸಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡಿದ್ದರು. ರಾಜ್ಯವಿಲ್ಲದ ರಾಜನಿಗೆ ಅರವತ್ತನಾಲ್ಕು ಮನೆಯ ರಾಜ್ಯವಾದರೂ ಇರಲಿ ಅನ್ನಿಸಿತ್ತೇನೋ, ನನ್ನ ಊಹೆ ಅಷ್ಟೆ. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ಮೆಟ್ಟದೆ ಅರವತ್ತನಾಲ್ಕನ್ನೂ ಸುತ್ತಿ ಬರುವ ಬಗೆಯನ್ನು ಅವರು ಬಿಡಿಸಿದ್ದರು. ಮೆಟ್ಟಿದ ಕ್ರಮದಲ್ಲಿ ಅಂಕಿ ಬರೆಯುತ್ತಾ ಹೋಗಿ, ಅಡ್ಡಸಾಲು ಉದ್ದಸಾಲು ಯಾವುದನ್ನು ಕೂಡಿದರೂ 260 ಬರುವಂತೆ ಮಾಡುವುದು ಈ ಲೆಕ್ಕದ ಇನ್ನೂ ಕಠಿಣ ಮೆಟ್ಟಿಲು. ಅಲ್ಲಿಯೂ ಮೈಸೂರಿನ ರಾಜರ ಹೆಸರಿದೆ. ಒಂದರಿಂದ ಅರವತ್ತನಾಲ್ಕರ ತನಕ ಕೂಡಿದರೆ 2080, ಎಂಟರಿಂದ ಭಾಗಿಸಿ ನೋಡಿ. ಮನೆಯಲ್ಲಿ ಪ್ರಯತ್ನಿಸುವವರು ಪೆನ್ಸಿಲ್ ಹಿಡಿಯಿರಿ, ಪೆನ್ನು ಬೇಡ.

ಈಗ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಹೆಸರಲ್ಲಿ ಹಳೆಯ ಆಟಗಳ ಪ್ರದರ್ಶನ ಮಾಡುತ್ತಾ ಬಂದಿದ್ದಾರೆ. ಕುಶಲಕರ್ಮಿಗಳ ಕೈಯಲ್ಲಿ ಮಣೆ, ಕಾಯಿ, ಬಟ್ಟೆಯ ಹಾಸು ಮಾಡಿಸುತ್ತಾರೆ. ಬಹಳ ಚೆಂದದ ಕೆಲಸ. ನಾನೂ ಒಂದು ಹಾಸು ಇಟ್ಟುಕೊಂಡಿದ್ದೇನೆ. ಅದನ್ನು ಹಾಸಿದ ದಿನ ಯಾರೂ ಆಡಲಿಲ್ಲ, ಎಲ್ಲರೂ ಕೈಯಾಡಿಸಿ ನೋಡಿ, ಚಹದ ಕಪ್ಪು ದೂರ ಇಟ್ಟು, ಮಡಿಸಿಡು ಅಂದರು. ಕೊನೆಗೆ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಗೀಚಿಯೇ ಆಡಿದೆವು.

ಮಣೆ ಉಳಿದರೆ ಆಟ ಉಳಿಯಿತೆ? ಹಂಪಿಗೆ ಹೋದವರು ಗುಡಿಯ ಗೋಪುರ ನೋಡುತ್ತಾರೆ, ನೆಲ ನೋಡುವುದಿಲ್ಲ. ಮಂಟಪಗಳ ಹಾಸುಗಲ್ಲಿನ ಮೇಲೆ ಹುಲಿ-ಕುರಿಯ ಗೆರೆ, ನವಕಂಕರಿಯ ಮೂರು ಚೌಕ, ಗುಳಿಗಳ ಜೋಡಿಸಾಲು ಕೊರೆದಿವೆ. ಎಲ್ಕೆ ರೋಜರ್ಸ್‌ಡಾಟರ್ ಎಂಬ ಸ್ವೀಡನ್ನಿನ ಪುರಾತತ್ತ್ವಜ್ಞೆ ಅವನ್ನು ಹುಡುಕಿ ದಾಖಲಿಸಿದರು. ನಾವು ತಲೆ ಎತ್ತಿ ನಡೆದ ಕಡೆ ಆಕೆ ತಲೆ ತಗ್ಗಿಸಿ ನಡೆದರು. ಕಾವಲಿಗೆ ಕೂತವನು, ಗುಡಿಯ ಬಾಗಿಲು ತೆರೆಯುವುದನ್ನು ಕಾಯುತ್ತಿದ್ದವನು, ಬಿಸಿಲಿಗೆ ನೆರಳು ಹುಡುಕಿ ಬಂದವನು ಉಳಿಯಿಂದ ಕೊರೆದಿದ್ದಾನು. ಮೂರು ಸಲ ಬಾರಾ ಬಿದ್ದರೆ ಏನು ಮಾಡುತ್ತಿದ್ದರೆಂದು ಮಾತ್ರ ಕಲ್ಲು ಹೇಳುವುದಿಲ್ಲ. ಇರಾಕಿನ ಊರ್ ಎಂಬಲ್ಲಿ ಭೂಮಿಯಿಂದ ಸಿಕ್ಕ ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಮಣೆಗಳ ಪಾಡೂ ಇದೇ. ಬ್ರಿಟಿಷ್ ಮ್ಯೂಸಿಯಮ್ಮಿನ ಅರ್ವಿಂಗ್ ಫಿಂಕೆಲ್ ಬಾಬಿಲೋನಿನ ಒಂದು ಮಣ್ಣಿನ ಫಲಕ ಓದಿದ ಮೇಲೆಯೇ ಆ ಬಗೆಯ ಆಟವನ್ನು ಹೇಗೆ ಆಡುತ್ತಿದ್ದರೆಂದು ಒಂದಿಷ್ಟು ತಿಳಿದದ್ದು. ಆ ಫಲಕವನ್ನು ಬರೆದದ್ದು ಕ್ರಿಸ್ತಪೂರ್ವ 177ರಲ್ಲಿ. ಆ ಬರಹಗಾರ ಅವತ್ತು ಬೇರೆ ಕೆಲಸ ಹಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು.

ನಮ್ಮಲ್ಲಿ ಊರಕಟ್ಟೆ ಹೋದರೆ ಆಟ ಹೋಗುತ್ತದೆ. ಬ್ಯಾರೇಜು, ರಸ್ತೆ, ಏತ ನೀರಾವರಿಗೆ ಊರು ಎತ್ತಂಗಡಿಯಾಗುವಾಗ ಪರಿಹಾರದ ಪಟ್ಟಿ ಮಾಡುತ್ತಾರಲ್ಲ, ಅದರಲ್ಲಿ ಮನೆ, ಹೊಲ, ಬಾವಿ, ಎಷ್ಟು ಬೇವಿನ ಗಿಡ, ಎಷ್ಟು ಹುಣಸೆ ಮರ ಎಲ್ಲ ಇರುತ್ತದೆ. ಕಟ್ಟೆಗಲ್ಲಿನ ಮೇಲೆ ಕೊರೆದ ಹುಲಿಮನೆ ಇರುವುದಿಲ್ಲ. ಅದಕ್ಕೆ ಎಷ್ಟು ಕೊಡಬೇಕೆಂದು ಯಾವ ಅಧಿಕಾರಿ ಲೆಕ್ಕ ಹಾಕಬೇಕು, ಪಾಪ.

ಹುಲಿ-ಕುರಿ ನನಗೆ ಎಲ್ಲಕ್ಕಿಂತ ಮೆಚ್ಚು, ಅದಕ್ಕೇ ತಡವಾಗಿ ಎತ್ತುತ್ತಿದ್ದೇನೆ. ಗೋಪುರದಂಥ ಗೆರೆ, 23 ಮನೆ, ಮೂರು ಹುಲಿ, ಹದಿನೈದು ಕುರಿ. ಬೇರೆ ಕಡೆ ಚೌಕದ ಮೇಲೆ ನಾಲ್ಕು ಹುಲಿಯಿಂದಲೂ ಆಡುತ್ತಾರೆ. ಕುರಿಯವನು ಒಂದೊಂದೇ ಕುರಿಯನ್ನು ಮಣೆಗೆ ಇಳಿಸುತ್ತಾನೆ. ಕುರಿಯ ಬೆನ್ನಹಿಂದಿನ ಮನೆ ಖಾಲಿ ಇದ್ದರೆ ಹುಲಿ ಹಾರಿ ತಿನ್ನುತ್ತದೆ. ಕುರಿಗೆ ಹೊಡೆಯುವ ಶಕ್ತಿಯೇ ಇಲ್ಲ, ಸುತ್ತ ನಿಂತು ಹುಲಿಗೆ ಅಲುಗಲು ಜಾಗವಿಲ್ಲದಂತೆ ಮಾಡುವುದಷ್ಟೇ ಅದರ ಯುದ್ಧ. ವಿಚಿತ್ರ ನೋಡಿ, ನಮ್ಮ ಬಯಲುಸೀಮೆಯಲ್ಲಿ ಹುಲಿ ಎಲ್ಲಿದೆ? ಕಪ್ಪತಗುಡ್ಡದ ಸುತ್ತ ಹಟ್ಟಿ ಹಾಕುವ ಕುರಿಗಾರರ ನಿದ್ದೆ ಕೆಡಿಸುವುದು ತೋಳ, ಹೆಚ್ಚೆಂದರೆ ಚಿರತೆ. ಆದರೂ ಮಣೆಯ ಮೇಲೆ ಹುಲಿಯೇ. ಮಲೆನಾಡಿನ ಯಾವ ಸೊಸೆ ತಂದಳೋ.

ಹೊಸಬರಿಗೆ ಹುಲಿ ಕೊಡಬೇಕು, ಇದು ನಮ್ಮ ಕಟ್ಟೆಯ ಮರ್ಯಾದೆ. ಹುಲಿ ಆಡುವುದು ಸುಲಭ, ಎದುರಿಗೆ ಬಂದದ್ದನ್ನು ತಿಂದರಾಯಿತು. ಕುರಿ ಆಡಲು ತಾಳ್ಮೆ ಬೇಕು. ಅಂಚಿನಿಂದ ಕಟ್ಟಿಕೊಂಡು ಬರಬೇಕು, ಹಿಂದೆ ಖಾಲಿ ಬಿಡಬಾರದು, ಒಂದನ್ನು ಕೊಟ್ಟು ಎರಡು ಉಳಿಸಿಕೊಳ್ಳುವ ಹೊತ್ತನ್ನು ಗುರುತಿಸಬೇಕು. ನಮ್ಮ ಓಣಿಯ ಕುರಿ ಕಾಯುವ ಮುದುಕರೊಬ್ಬರು ಬದುಕಿಡೀ ಒಮ್ಮೆಯೂ ಹುಲಿ ಹಿಡಿಯಲಿಲ್ಲ.

ಈಗ ಬೆಂಗಳೂರಿಗೆ ಬರೋಣ. ಮೊಮ್ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ಬಂದರೆ ಗೆಳೆಯರೆಲ್ಲ ಒಬ್ಬರ ಮನೆಯಲ್ಲಿ ಸೇರಿ ತಮ್ಮ ತಮ್ಮ ಆಟದ ಡಬ್ಬಿ ತೆಗೆಯುತ್ತಾರೆ. ಫೋನು ಒಂದು ಬುಟ್ಟಿಗೆ. ಹೋದ ವರ್ಷ ನನ್ನನ್ನೂ ಕರೆದೊಯ್ದ. ಒಬ್ಬ ಹುಡುಗ ಮೇಜಿನ ಮೇಲೆ ಭಾರತದ ನಕಾಶೆ ಹಾಸಿದ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ 'ವಿಜಯನಗರ' ಎಂದಿತ್ತು! ಅಮೆರಿಕದ ಜಿಎಂಟಿ ಎಂಬ ಕಂಪನಿ 2024ರಲ್ಲಿ ಹೊರತಂದ ಯುದ್ಧದ ಆಟ, 1290ರಿಂದ 1398ರ ತನಕದ ಕಥೆ. ದೆಹಲಿಯ ಸುಲ್ತಾನರು, ಬಹಮನಿಗಳು, ವಿಜಯನಗರದವರು, ಹೀಗೆ ಮೂರು ಪಕ್ಷ. ಹುಡುಗ ಮುಕ್ಕಾಲು ಗಂಟೆ ಕೂತು ನನಗೆ ಕಾನೂನು ಹೇಳಿದ. "ಆಂಟಿ, ಇದು ಸ್ವಲ್ಪ ಕಷ್ಟ, ಆದ್ರೆ ಇಲ್ಲಿ ನೋಡಿ..." ಎಂದು ಮತ್ತೆ ಮತ್ತೆ. ಅವನ ಮುಖ ನೋಡಿದಾಗ ನನಗೆ ಅತ್ತಿ ನೆನಪಾದರು. ಆಡುವುದಕ್ಕಿಂತ ಹೇಳಿಕೊಡುವುದರಲ್ಲೇ ಅವನಿಗೆ ಹೆಚ್ಚು ಖುಷಿ.

ಆಟ ಶುರುವಾದಾಗ ದೆಹಲಿ ಭಾರಿ, ಉಳಿದಿಬ್ಬರು ಸಣ್ಣವರು. ದಿನ ಕಳೆದ ಹಾಗೆ ದೆಹಲಿಯ ಬಿಗಿ ಸಡಿಲವಾಗುತ್ತದೆ, ಇವರಿಬ್ಬರು ಬೆಳೆಯುತ್ತಾರೆ, ಬೆಳೆದ ಮೇಲೆ ಒಬ್ಬರನ್ನೊಬ್ಬರು ಎದುರಿಸಬೇಕಾಗುತ್ತದೆ. "ಇದು ಹುಲಿ-ಕುರಿ ಕಣೋ. ಕುರಿಗೆ ಹಲ್ಲು ಬಂದಾವು ಅಷ್ಟ" ಅಂದೆ. ಅವರಿಗೆ ಹುಲಿ-ಕುರಿ ಗೊತ್ತಿರಲಿಲ್ಲ. ಕಾಗದದ ಮೇಲೆ ಗೆರೆ ಎಳೆದು, ಅವರದೇ ಡಬ್ಬಿಯ ಮರದ ಕಾಯಿ ಎರವಲು ಪಡೆದು ತೋರಿಸಿದೆ. ರಾತ್ರಿ ಹನ್ನೊಂದರ ತನಕ ಅದೇ ನಡೆಯಿತು, ವಿಜಯನಗರ ಅರ್ಧಕ್ಕೇ ನಿಂತಿತು. ನನಗೆ ಸ್ವಲ್ಪ ಬೇಸರವೂ ಆಯಿತು ಅನ್ನಿ, ನಾನು ಗೆಲ್ಲುವ ಹಾಗಿತ್ತು.

ಯುದ್ಧವನ್ನು ಆಟ ಮಾಡುವುದು ಸರಿಯೆ ಎಂದು ಕೇಳುವವರಿದ್ದಾರೆ. ಚದುರಂಗವೆಂದರೆ ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗ. ಸೇನೆಯ ಹೆಸರನ್ನೇ ಆಟಕ್ಕೆ ಇಟ್ಟವರು ನಾವು. ಅದೇ ಚದುರಂಗವನ್ನು ಹಿಗ್ಗಿಸಿ ಜರ್ಮನರು ಹದಿನೆಂಟನೆಯ ಶತಮಾನದ ಕೊನೆಗೆ ಯುದ್ಧದ ಆಟ ಕಟ್ಟಿದರು. 1824ರ ಹೊತ್ತಿಗೆ ಪ್ರಶ್ಯದ ಸೇನಾಧಿಕಾರಿಗಳು ರೈಸ್ವಿಟ್ಸ್ ಎಂಬ ಅಧಿಕಾರಿಯ ಆಟವನ್ನು ನಕಾಶೆಯ ಮೇಲೆ ಆಡಿ ಅಭ್ಯಾಸ ಮಾಡತೊಡಗಿದರು. ಇತ್ತ ಎಚ್.ಜಿ. ವೆಲ್ಸ್ ಎಂಬ ಕಾದಂಬರಿಕಾರ 1913ರಲ್ಲಿ ಮನೆಯ ನೆಲದ ಮೇಲೆ ತವರದ ಸಿಪಾಯಿಗಳಿಂದ ಆಡುವ ಪುಸ್ತಕ ಬರೆದ. ಈ ಯುದ್ಧವೇ ಸಾಕು, ದೊಡ್ಡದು ಬೇಡ ಎಂಬುದು ಅವನ ವಾದ. ಮರುವರ್ಷ ದೊಡ್ಡದೇ ಶುರುವಾಯಿತು. ಆಟದಿಂದ ಯುದ್ಧ ಬರುತ್ತದೆಂದೂ ನಿಲ್ಲುತ್ತದೆಂದೂ ನಾನು ನಂಬುವುದಿಲ್ಲ. ಆದರೆ ನಕಾಶೆಯ ಮುಂದೆ ಕೂತವನು ಇತಿಹಾಸವನ್ನು ಬೇರೆ ರೀತಿ ಓದುತ್ತಾನೆ, ಅದನ್ನು ಈ ಊರ ಪಕ್ಕದ ಕಥೆಯಿಂದಲೇ ಹೇಳುತ್ತೇನೆ.

1858. ಕಂಪನಿ ಸರಕಾರದ ವಿರುದ್ಧ ಬಂಡೆದ್ದ ಮುಂಡರಗಿಯ ಭೀಮರಾಯ, ಹಮ್ಮಿಗಿಯ ಕೆಂಚನಗೌಡ. ಅವರ ಲಾವಣಿ ಕೇಳಿ ಬೆಳೆದವರು ನೀವು. ಮೊದಲು ಡಂಬಳದ ಖಜಾನೆಗೆ ಕೈ ಹಾಕಿದರು, ಆಮೇಲೆ ಕೊಪ್ಪಳದ ಕೋಟೆ ಹಿಡಿದರು, ಜೂನ್ ಮೊದಲಿಗೆ ಅಲ್ಲಿಯೇ ಕೊನೆ. ಅದೇ ಹೊತ್ತಿಗೆ, ಮೇ 29ರ ರಾತ್ರಿ, ನರಗುಂದದ ಅರಸ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಬ್ರಿಟಿಷ್ ಅಧಿಕಾರಿಯನ್ನು ಕೊಂದರು. ನಾನೂ ಮೊಮ್ಮಗನೂ ಕಳೆದ ಬೇಸಿಗೆಯಲ್ಲಿ ಕ್ಯಾಲೆಂಡರಿನ ಬೆನ್ನ ಮೇಲೆ ಇದನ್ನೇ ಆಟ ಮಾಡಿದೆವು. ಮುಂಡರಗಿ, ಹಮ್ಮಿಗಿ, ಡಂಬಳ, ಕೊಪ್ಪಳ, ನರಗುಂದ, ಧಾರವಾಡ, ಬಳ್ಳಾರಿ ಒಂದೊಂದು ಮನೆ, ನಡುವೆ ಹೊಳೆ. ಕಂಪನಿ ಸರಕಾರ ಹುಲಿ, ಅದು ಧಾರವಾಡದಿಂದಲೂ ಬಳ್ಳಾರಿಯಿಂದಲೂ ನಿಜಾಮನ ಕಡೆಯಿಂದಲೂ ಬರುತ್ತದೆ. ನಮ್ಮವರು ಕುರಿ. ಹತ್ತು ಸಲ ಆಡಿದರೂ ಕುರಿ ಗೆಲ್ಲಲಿಲ್ಲ. ಆಮೇಲೆ ಮೊಮ್ಮಗ ಕಾನೂನು ಬದಲಿಸಿದ. ಮೊದಲು ಮುಂಡರಗಿಯಿಂದ ನರಗುಂದಕ್ಕೆ ಸುದ್ದಿ ಮುಟ್ಟಲು ಎರಡು ಗರ ಬೇಕಿತ್ತು, ಅದನ್ನು ತೆಗೆದು ಇಬ್ಬರೂ ಒಂದೇ ಗರದಲ್ಲಿ ಏಳುವಂತೆ ಮಾಡಿದ. ಆಗ ಒಮ್ಮೊಮ್ಮೆ ಹುಲಿ ಸಿಕ್ಕಿಬಿತ್ತು. ಲಾವಣಿಯಲ್ಲಿ ಧೈರ್ಯ ಕೇಳಿದ್ದೆ, ಮೋಸ ಕೇಳಿದ್ದೆ. ಮುಂಡರಗಿಗೂ ನರಗುಂದಕ್ಕೂ ನಡುವಿನ ದೂರ ಎಷ್ಟು ದೊಡ್ಡದಾಗಿತ್ತೆಂದು ನನ್ನ ಬೆರಳಿಗೆ ಗೊತ್ತಾದದ್ದು ಆ ಕ್ಯಾಲೆಂಡರಿನ ಬೆನ್ನ ಮೇಲೆ. ಇದು ಇತಿಹಾಸದ ಸಂಶೋಧನೆ ಅಲ್ಲ, ಇತಿಹಾಸದ ಮೇಷ್ಟ್ರು ಯಾರಾದರೂ ಇಲ್ಲಿದ್ದರೆ ಸಿಟ್ಟಾಗಬೇಡಿ. ಆ ಆಟದಲ್ಲಿ ಇನ್ನೂ ಒಂದು ತೊಡಕಿದೆ, ಬೇಸಿಗೆಯ ಹೊಳೆಯನ್ನು ಹೇಗೆ ದಾಟಿಸಬೇಕೆಂದು ನಮಗಿಬ್ಬರಿಗೂ ಬಗೆಹರಿದಿಲ್ಲ. ಹರಿಗೋಲು ನಡೆಸಿದ ಮನೆತನದವರು ಯಾರಾದರೂ ಬಂದಿದ್ದರೆ ಆಮೇಲೆ ಸಿಗಿ.

ಹೆಚ್ಚು ಹೊತ್ತು ಮಾತಾಡಿದೆ. ಭಾಷಣ ಮುಗಿದ ಮೇಲೆ ಹಾರ, ಶಾಲು ಆದಕೂಡಲೆ ಯಾರೂ ಏಳಬೇಡಿ. ವೇದಿಕೆಯ ಕೆಳಗೆ ಸೀಮೆಸುಣ್ಣದಿಂದ ನಾಲ್ಕು ಮಣೆ ಗೀಚಿಸಿದ್ದೇನೆ, ಎರಡು ಚೌಕಾಬಾರ, ಎರಡು ಹುಲಿಮನೆ. ಈ ಚೀಲದಲ್ಲಿ ಹುಣಸೆಬೀಜ, ಬಳೆಚೂರು ಇವೆ. ಕವಡೆ ನನ್ನ ಅತ್ತಿಯವು, ಎಣಿಸಿ ಕೊಡುತ್ತೇನೆ, ಎಣಿಸಿ ತೆಗೆದುಕೊಳ್ಳುತ್ತೇನೆ. ಕೂಡುವ ಮುಂಚೆ ಒಂದೇ ಒಂದು ಮಾತು ಗಟ್ಟಿ ಮಾಡಿಕೊಳ್ಳಬೇಕು, ಅದಕ್ಕೆ ಈ ಮುಂದಿನ ಸಾಲಿನ ಅವ್ವನವರನ್ನೇ ಕೇಳುತ್ತೇನೆ. ಯವ್ವಾ, ನಿಮ್ಮ ತವರು ಯಾವೂರು? ಅಲ್ಲಿ ಮೂರು ಸಲ ಬಾರಾ ಬಿದ್ದರ ಸುಡತದೋ, ಎಣಸತೀರೋ?